ಅಸಾಯಿಗೆ ಸಕ್ಕರೆ ಕೇಳುವ ಮುನ್ನ

ಬ್ರೆಜಿಲ್‌ನಲ್ಲಿ ನೆಲೆಸಲು ಬಂದ 90 ದಿನಗಳೊಳಗೆ ಫೆಡರಲ್ ಪೊಲೀಸರಲ್ಲಿ ನೋಂದಣಿ ಮಾಡಿಸಿ, ಸಿಪಿಎಫ್ ಎಂಬ ತೆರಿಗೆದಾರರ ಸಂಖ್ಯೆ ಪಡೆಯಿರಿ. ಉಳಿದದ್ದನ್ನು ಕಚೇರಿಯವರೇ ಹೇಳುತ್ತಾರೆ. ಅಮೆಜಾನ್ ನದೀಮುಖದ ಬಳಿಯ ಬೆಲೆಂ ನಗರಕ್ಕೆ ಬರುವವರಿಗೆ ಅವರು ಹೇಳದೆ ಬಿಡುವುದು ಅಸಾಯಿ ಎಂಬ, ತಾಳೆ ಜಾತಿಯ ಮರದ ಹಣ್ಣಿನ ವಿಷಯವನ್ನು.

ಸಾವೊ ಪಾಲೊದಲ್ಲಿದ್ದ ಮೂರು ವರ್ಷವೂ ನಾನು ಅಸಾಯಿ ಎಂದರೆ ಗ್ವಾರಾನಾ ಪಾಕ ಬೆರೆಸಿ ಹೆಪ್ಪುಗಟ್ಟಿಸಿ, ಮೇಲೆ ಬಾಳೆಹಣ್ಣು, ಗ್ರಾನೋಲಾ ಹರಡಿದ ಸಿಹಿಯೆಂದೇ ನಂಬಿ, ಆರೋಗ್ಯಕ್ಕೆ ಒಳ್ಳೆಯದೆಂದು ದಿನವೂ ತಿಂದೆ. ಬೆಲೆಂನಲ್ಲಿ ಪಕ್ಕದ ಮನೆಯ ಅಜ್ಜಿ ಮೊದಲ ಸಲ ಊಟಕ್ಕೆ ಕರೆದು, ನೇರಳೆ ಬಣ್ಣದ ಗಟ್ಟಿ ರಸವನ್ನು ಬಟ್ಟಲಿಗೆ ಸುರಿದು, ಮನೆಯವರಿಗೆ ಹುರಿದ ಮೀನನ್ನೂ ನನಗೆ ಮರಗೆಣಸಿನ ಒರಟು ಹಿಟ್ಟಾದ ಫರೀನ್ಯಾವನ್ನೂ ಬಡಿಸಿದಾಗ, ನಾನು ಸಕ್ಕರೆ, ಬಾಳೆಹಣ್ಣು ಕೇಳಿದೆ. ಅವರು ಏನೂ ಹೇಳದೆ ಎದ್ದು ತಂದುಕೊಟ್ಟರು. ಅನೇಕ ಮನೆಗಳಲ್ಲಿ ಇದು ಪಾನೀಯವಲ್ಲ, ಊಟವೇ ಎಂದು ತಿಳಿಯಲು ನನಗೆ ತಿಂಗಳುಗಳು ಬೇಕಾದವು. ಹಣ್ಣುಗಳಲ್ಲಿ ಅಪರೂಪವೆನ್ನುವಷ್ಟು ಕೊಬ್ಬಿನಂಶ ಇದರಲ್ಲಿದ್ದು ಹೊಟ್ಟೆ ತುಂಬುತ್ತದೆ. ತೂಕ ಇಳಿಸುವ ಔಷಧವೆಂದು ಊರಿಗೆ ಇದರ ಪುಡಿ ಕಳುಹಿಸಬೇಡಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅಸಾಯಿ ಮಾರುವ ಗುರುತಾದ ಕೆಂಪು ಫಲಕ ನೇತುಹಾಕಿದ ಕಡೆಯಲ್ಲೆಲ್ಲ ತಾಜಾ ಅಸಾಯಿ ಕೊಂಡು, ಹಣ್ಣನ್ನು ಹೇಗೆ ಶುಚಿ ಮಾಡುತ್ತಾರೆಂದು ವಿಚಾರಿಸದೆ, ಎರಡು ವರ್ಷದ ಮಗಳಿಗೆ ಕುಡಿಸುತ್ತಿದ್ದೆ. ಬಾರ್ಬೇರೊ ಎಂಬ, ರಕ್ತ ಹೀರುವ ತಿಗಣೆಯಂಥ ಕೀಟ ಹಣ್ಣಿನೊಂದಿಗೆ ಸೇರಿ ಅರೆದುಹೋದರೆ ಹೃದಯಕ್ಕೆ ಹಾನಿ ಮಾಡಬಲ್ಲ ಶಾಗಸ್ ಕಾಯಿಲೆ ಬರಬಹುದು. ರಸವನ್ನು ಫ್ರಿಜ್‌ನಲ್ಲಿಟ್ಟ ಮಾತ್ರಕ್ಕೆ ಅದರ ರೋಗಾಣು ಸಾಯುವುದಿಲ್ಲ. ಹಣ್ಣನ್ನು 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ಸೆಕೆಂಡು ಅದ್ದಿ ತೆಗೆಯುವ ಅಂಗಡಿಯಲ್ಲೇ ಕೊಳ್ಳಿ, ಕೇಳಲು ಸಂಕೋಚಪಡಬೇಡಿ. ಮಗಳಿಗೆ ಏನೂ ಆಗಲಿಲ್ಲ. ಆದರೂ ನೆನೆದರೆ ಈಗಲೂ ಎದೆ ನಡುಗುತ್ತದೆ. ಅರೆಸಿ ತಂದದ್ದನ್ನು ಅಂದೇ ಮುಗಿಸಿ.

ಒಮ್ಮೆ ನಸುಕಿನಲ್ಲೆದ್ದು ವೆರ್-ಒ-ಪೇಸೊ ಮಾರುಕಟ್ಟೆಯ ಪಕ್ಕದ ಅಸಾಯಿ ಸಂತೆಗೆ ಹೋಗಿ, ದ್ವೀಪಗಳಿಂದ ಬಂದ ದೋಣಿಗಳಿಂದ ಬುಟ್ಟಿಗಳು ಇಳಿಯುವುದನ್ನು ನೋಡಿ. ಅಸಾಯಿ ಮರವೂ ಅಡಿಕೆಯಂತೆ ತೆಳ್ಳಗೆ, ನೆಟ್ಟಗೆ ಬೆಳೆಯುತ್ತದೆ. ಕಾಲಿಗೆ ಪೆಕೊನ್ಯಾ ಎಂಬ ಬಳೆ ಹಾಕಿಕೊಂಡು ಹುಡುಗನೊಬ್ಬ ಅದನ್ನು ಹತ್ತುವುದನ್ನು ಕಂಡ ದಿನ, ಶಿರಸಿಯ ನಮ್ಮ ತೋಟದಲ್ಲಿ ಅಡಿಕೆ ಕೊನೆ ಇಳಿಸಲು ತಳೆ ಹಾಕಿ ಮರವೇರುತ್ತಿದ್ದ ಕೊನೆಗೌಡರು ಕಣ್ಮುಂದೆ ಬಂದು, ನಾನು ಮಾತಾಡಲಾಗದೆ ನಿಂತುಬಿಟ್ಟೆ. ಆ ತೋಟವನ್ನು ನಾವು ಮಾರಿದ್ದೇವೆ.

ಮಗಳಿಗೀಗ 11 ವರ್ಷ. ಫರೀನ್ಯಾ ಕಲಸಿದ ಅಸಾಯಿಯನ್ನು ಸಕ್ಕರೆಯಿಲ್ಲದೆ, ತುಟಿಯೆಲ್ಲ ನೇರಳೆಯಾಗುವಂತೆ ಉಣ್ಣುತ್ತಾಳೆ. ಕಳೆದ ವರ್ಷ ಊರಿನಲ್ಲಿ ಅವಳ ಅಜ್ಜಿ ಅನ್ನಕ್ಕೆ ಒಂದೆಲಗದ ತಂಬುಳಿ ಬಡಿಸಿದಾಗ, ಇದಕ್ಕೆ ಸಕ್ಕರೆ ಬೇಕೆಂದಳು. ಅಮ್ಮ ಏನೂ ಹೇಳದೆ ಎದ್ದು ಸಕ್ಕರೆ ಡಬ್ಬಿ ತಂದಿಟ್ಟಳು.