ಬೇಸಿಗೆಯ ಮೇವಿಗೆ ಸಂಕ್ರಾಂತಿಯಲ್ಲೇ ಲೆಕ್ಕ

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂಗಾರು ಜೋಳ ಕಾಳು ಕಟ್ಟುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಮುಂಗಾರಿನ ಹಸಿರು ಮೇವು ಕೈಗೆ ಬರುವವರೆಗೆ, ಅಂದರೆ ಹೆಚ್ಚುಕಡಿಮೆ ಜುಲೈ ತಿಂಗಳವರೆಗೆ, ದನಗಳು ಬಣವೆಯನ್ನೇ ನಂಬಿರಬೇಕು. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತ್ತು. ಅಂಥ ವರ್ಷ ಏಪ್ರಿಲ್‌ನಲ್ಲಿ ಮೇವು ಹುಡುಕಹೊರಟವರು ಕೇಳಿದಷ್ಟು ಬೆಲೆ ತೆರಬೇಕಾಗುತ್ತದೆ. ಜೋಳ ಇನ್ನೂ ಹೊಲದಲ್ಲಿರುವಾಗಲೇ ಲೆಕ್ಕ ಹಾಕಿದವರಿಗೆ ಕೊಳ್ಳುವ, ಬೆಳೆಯುವ ಅಥವಾ ದನಗಳ ಸಂಖ್ಯೆ ಇಳಿಸುವ ಆಯ್ಕೆಗಳು ಉಳಿದಿರುತ್ತವೆ.

ಮೊದಲು ಲೆಕ್ಕ

ಸುಮಾರು 400 ಕೆ.ಜಿ. ತೂಗುವ ಹಸುವಿಗೆ ದಿನಕ್ಕೆ ಅದರ ತೂಕದ ಶೇ 2.5ರಷ್ಟು, ಅಂದರೆ 10 ಕೆ.ಜಿ. ಒಣ ಆಹಾರ ಬೇಕು. ಇದರಲ್ಲಿ ಮೂರನೇ ಎರಡು ಪಾಲನ್ನು ಕಣಿಕೆ (ಜೋಳದ ಒಣ ದಂಟು) ಮತ್ತು ಹೊಟ್ಟಿನಿಂದ ತುಂಬಿಸುವುದಾದರೆ ದಿನಕ್ಕೆ 7 ಕೆ.ಜಿ. ಎಂದಿಟ್ಟುಕೊಳ್ಳಬಹುದು. ಫೆಬ್ರುವರಿ ಮಧ್ಯದಿಂದ 150 ದಿನಗಳಿಗೆ ತಲೆಗೆ 1,050 ಕೆ.ಜಿ. ಆಯಿತು. ತುಳಿದು, ಉಗುಳಿ ಹಾಳಾಗುವ ಪಾಲನ್ನೂ ಸೇರಿಸಿಕೊಂಡರೆ 1,200 ಕೆ.ಜಿ. ಹಿಡಿಯುವುದು ಕ್ಷೇಮ. ಮನೆಯಲ್ಲಿರುವ ಮೇವನ್ನು ಕಣ್ಣಳತೆಯಲ್ಲಿ ಅಂದಾಜಿಸಬಾರದು. ಹತ್ತು ಸೂಡುಗಳನ್ನು (ಮೇವಿನ ಕಟ್ಟುಗಳನ್ನು) ತೂಗಿ, ಸರಾಸರಿಯನ್ನು ಒಟ್ಟು ಸೂಡುಗಳಿಂದ ಗುಣಿಸಬೇಕು. ತೊಗರಿ, ಕಡಲೆ ಮತ್ತು ಶೇಂಗಾ ಹೊಟ್ಟನ್ನು ಬೇರೆಯಾಗಿ ಬರೆದುಕೊಳ್ಳಬೇಕು, ಏಕೆಂದರೆ ಶೇಂಗಾ ಹೊಟ್ಟಿನಲ್ಲಿ ಕಣಿಕೆಗಿಂತ ಸಸಾರಜನಕ ಹೆಚ್ಚಿದ್ದು, ಅದನ್ನು ಹಾಲು ಕೊಡುವ ಮತ್ತು ಗಬ್ಬದ ದನಗಳಿಗೆ ಮೀಸಲಿಡುವುದು ಲಾಭ. ಕೊರತೆ ಕಂಡರೆ, ಮನಸ್ಸಿಗೆ ಕಷ್ಟವಾದರೂ, ಬೇಡದ ಜಾನುವಾರನ್ನು ಫೆಬ್ರುವರಿಯಲ್ಲೇ ಮಾರಬೇಕು. ಎಲ್ಲರೂ ಸಂತೆಗೆ ಹೊಡೆದುಕೊಂಡು ಬರುವ ಏಪ್ರಿಲ್‌ನಲ್ಲಿ ಬೆಲೆಯೂ ಇರುವುದಿಲ್ಲ, ದನದ ಮೈಯಲ್ಲಿ ಮಾಂಸವೂ ಇರುವುದಿಲ್ಲ.

ನೀರು ಅಳೆದು ಹಸಿರು ಮೇವು

ಕೊಳವೆಬಾವಿ ಇರುವವರು ಹಸಿರು ಮೇವು ಬಿತ್ತುವ ಮೊದಲು 200 ಲೀಟರ್ ಡ್ರಮ್ಮನ್ನು ಪೈಪಿನ ಕೆಳಗಿಟ್ಟು ತುಂಬಲು ಹಿಡಿಯುವ ಸಮಯ ನೋಡಬೇಕು. ನಾಲ್ಕು ನಿಮಿಷ ಹಿಡಿದರೆ ಗಂಟೆಗೆ 3,000 ಲೀಟರ್ ನೀರು ಬರುತ್ತಿದೆ ಎಂದರ್ಥ. ಹತ್ತು ಗುಂಟೆಗೆ ಐದು ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು 50,000 ಲೀಟರ್ ಬೇಕಾಗುವುದರಿಂದ, ದಿನಕ್ಕೆ ಆರು ತಾಸು ವಿದ್ಯುತ್ ಸಿಕ್ಕರೂ ಒಂದು ಸರದಿಗೆ ಮೂರು ದಿನ ಹೋಗುತ್ತವೆ. ಎಂಟು ದಿನಕ್ಕೊಮ್ಮೆ ನೀರು ಬೇಡುವ ಬೇಸಿಗೆ ಮೆಕ್ಕೆಜೋಳವನ್ನು ಇಂಥ ಬಾವಿಯ ಕೆಳಗೆ ಕಾಗದದ ಮೇಲೆ 25 ಗುಂಟೆಯವರೆಗೆ ಬೆಳೆಯಬಹುದು. ಆದರೆ ಏಪ್ರಿಲ್‌ನಲ್ಲಿ ಬಾವಿಯ ನೀರು ಕುಗ್ಗುವುದನ್ನು ನೆನೆದು 12 ಗುಂಟೆಗೆ ನಿಲ್ಲಿಸುವುದು ಜಾಣತನ. ಅರ್ಧದಲ್ಲಿ ಒಣಗಿದ ಒಂದು ಎಕರೆಗಿಂತ ಪೂರ್ತಿ ಕೈಗೆ ಬಂದ ಹತ್ತು ಗುಂಟೆ ಹೆಚ್ಚು ಮೇವು ಕೊಡುತ್ತದೆ. ‘ಆಫ್ರಿಕನ್ ಟಾಲ್’ ಮೆಕ್ಕೆಜೋಳದ ಜೊತೆ ಅಲಸಂದೆ ಬೆರೆಸಿ ಬಿತ್ತಿದರೆ ಮೇವಿನ ಸತ್ವ ಹೆಚ್ಚುತ್ತದೆ.

ಜೋಳದ ಎಳೆ ಪೈರಿನ ವಿಚಾರದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ, ಕೊಯ್ಲಿನ ನಂತರ ಚಿಗುರುವ ಕೂಳೆಯಲ್ಲಿಯೂ, ದನದ ಹೊಟ್ಟೆ ಸೇರಿದಾಗ ಸಯನೈಡ್ ಬಿಡುಗಡೆ ಮಾಡುವ ಅಂಶವಿದ್ದು, ಹಸಿದ ದನ ಮೇದ ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು. ಅರ್ಧದಷ್ಟು ಪೈರು ಹೂವಾಡುವವರೆಗೆ ಕೊಯ್ಯಬಾರದು. ಹೊಲದಲ್ಲಿ ಕೂಳೆ ಇದ್ದರೆ ದನಗಳನ್ನು ಆ ಕಡೆ ಬಿಡಲೇಬಾರದು. ಮೇದ ದನ ಏದುಸಿರು ಬಿಟ್ಟು ನಡುಗತೊಡಗಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಬೇಕು. ಇದಕ್ಕೆ ಪ್ರತಿವಿಷದ ಚುಚ್ಚುಮದ್ದು ಇದೆ.

ಭತ್ತದ ಹುಲ್ಲಿಗೆ ಯೂರಿಯಾ ಉಪಚಾರ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಯಿಂದ ಕೊಂಡು ತರುವ ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಅದರಲ್ಲಿ ಸಸಾರಜನಕ ಶೇ 3–4ರಷ್ಟು ಮಾತ್ರ ಇರುತ್ತದೆ. ಅದನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸುವ ಅಗ್ಗದ ವಿಧಾನವಿದ್ದರೂ ಬಳಸುವವರು ಕಡಿಮೆ ಎಂಬುದು ಸೋಜಿಗ. 100 ಕೆ.ಜಿ. ಒಣ ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಬೇಕು. ತಾಡಪತ್ರಿಯ ಮೇಲೆ ಹುಲ್ಲನ್ನು ಗೇಣುದ್ದದ ಪದರವಾಗಿ ಹರಡಿ, ದ್ರಾವಣವನ್ನು ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಮತ್ತೊಂದು ಪದರ ಹಾಕುತ್ತಾ ಹೋಗಬೇಕು. ಕೊನೆಗೆ ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ, ಅಂಚುಗಳಿಗೆ ಮಣ್ಣು ಏರಿಸಿ 21 ದಿನ ಮುಟ್ಟದೆ ಬಿಡಬೇಕು. ಒಳಗೆ ಯೂರಿಯಾ ಅಮೋನಿಯಾ ಆಗಿ ಬದಲಾಗಿ ಹುಲ್ಲಿನ ಗಡಸು ನಾರನ್ನು ಮೆದುಗೊಳಿಸುತ್ತದೆ.

ತೆಗೆಯುವಾಗ ಒಂದು ಬದಿಯಿಂದ ಅಂದಿಗೆ ಬೇಕಾದಷ್ಟನ್ನೇ ತೆಗೆದು, ಘಾಟು ವಾಸನೆ ಹೋಗುವಂತೆ ಒಂದು ತಾಸು ಹರಡಿಟ್ಟು ತಿನ್ನಿಸಬೇಕು. ಮೊದಲ ವಾರ ಹಳೆಯ ಮೇವಿನೊಂದಿಗೆ ಬೆರೆಸಿ ರೂಢಿ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಅಳತೆಯಲ್ಲಿ ‘ಇನ್ನೊಂದು ಹಿಡಿ ಇರಲಿ’ ಎಂಬ ಧಾರಾಳತನ ಇಲ್ಲಿ ಸಲ್ಲದು. ಯೂರಿಯಾ ಕರಗಿಸಿದ ಬಕೆಟ್ಟನ್ನು ದನ ನೆಕ್ಕಿದರೂ ಅಪಾಯವಾಗುವುದರಿಂದ ಕೆಲಸ ಮುಗಿದೊಡನೆ ಅದನ್ನು ತೊಳೆದು ದೂರ ಇಡಬೇಕು.

ಕಬ್ಬಿನ ಸೋಗೆಯನ್ನು ನೆಚ್ಚಿಕೊಳ್ಳುವವರು ಅದರಲ್ಲಿರುವ ಆಕ್ಸಲೇಟ್ ಮೈಯ ಸುಣ್ಣದಂಶವನ್ನು ಹಿಡಿದಿಡುತ್ತದೆಂಬುದನ್ನು ಗಮನಿಸಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಸೇರಿಸಬೇಕು. ಕುಡಿಯುವ ನೀರಿನ ತೊಟ್ಟಿ ನೆರಳಿನಲ್ಲಿರಲಿ.

ಕೊಯ್ಲಾದ ಹೊಲ

ಜೋಳ ಕಿತ್ತ ಮೇಲೆ ಮಣ್ಣಿನಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಳಿಜಾರಿಗೆ ಅಡ್ಡಲಾಗಿ ಮಾಗಿ ಉಳುಮೆ ಮಾಡಿದರೆ ಹೆಂಟೆಗಳು ಎದ್ದು, ಮೇ ತಿಂಗಳ ಅಡ್ಡಮಳೆಯ ನೀರು ಹರಿದುಹೋಗದೆ ಇಂಗುತ್ತದೆ. ಆದರೆ ಟ್ರ್ಯಾಕ್ಟರಿನಿಂದ ಪ್ರತಿವರ್ಷ ಆಳಕ್ಕೆ ಉಳುವುದು ಎರೆಭೂಮಿಗೆ ಅನಗತ್ಯ ಖರ್ಚು. ಮೂರು ವರ್ಷಕ್ಕೊಮ್ಮೆ ಸಾಕು, ಉಳಿದ ವರ್ಷಗಳಲ್ಲಿ ಕುಂಟೆಯೇ ಬಿರುಕು ಮುಚ್ಚುತ್ತದೆ. ಕೆರೆ ಒಣಗಿದ್ದರೆ ಹೂಳನ್ನು ಮಸಾರಿ (ಕೆಂಪು ಮಣ್ಣಿನ) ಮತ್ತು ಮರಳು ಮಿಶ್ರಿತ ಹೊಲಗಳಿಗೆ ಹಾಕಬೇಕೇ ಹೊರತು ಜಿಗುಟು ಎರೆಗಲ್ಲ. ಕೂಳೆಯನ್ನು ಸುಡಬಾರದು. ವಿಜಯಪುರ ಭಾಗದಲ್ಲಿ ರೂಢಿಯಲ್ಲಿರುವ ಚೌಕುಮಡಿಗಳನ್ನು (ಸಣ್ಣ ಬದುಗಳಿಂದ ಹೊಲವನ್ನು ಚೌಕಗಳಾಗಿ ವಿಂಗಡಿಸಿದ ಮಡಿಗಳನ್ನು) ಜೂನ್‌ನಲ್ಲಿ ಹದ ಸಿಕ್ಕ ಕೂಡಲೇ ಹಾಕಿದರೆ ಮಳೆಗಾಲದ ನೀರು ಮುಂದಿನ ಹಿಂಗಾರು ಬಿತ್ತನೆಗೆ ಮಣ್ಣಿನಲ್ಲೇ ಉಳಿಯುತ್ತದೆ.

ಮೊದಲ ಮಳೆ ಬಿದ್ದ ವಾರದಲ್ಲಿ ಬಣವೆ ಖಾಲಿಯಾಗಿದ್ದರೆ ದನಗಳು ಎಳೆ ಹುಲ್ಲಿಗೆ ಒಮ್ಮೆಲೇ ನುಗ್ಗಿ ಹೊಟ್ಟೆ ಕೆಡಿಸಿಕೊಳ್ಳುತ್ತವೆ. ಆದ್ದರಿಂದ ಕೊನೆಯ ಹದಿನೈದು ದಿನಗಳ ಒಣ ಮೇವನ್ನು ಮುಟ್ಟದೆ ಇಟ್ಟುಕೊಂಡಿದ್ದು, ಬೆಳಿಗ್ಗೆ ಅದನ್ನು ತಿನ್ನಿಸಿಯೇ ಮೇಯಲು ಬಿಡಬೇಕು. ಕುರಿ ಸಾಕಿದವರು ಕರುಳುಬೇನೆಯ ಲಸಿಕೆಯನ್ನು ಮಳೆಗೆ ಮುಂಚೆಯೇ, ಮೇ ತಿಂಗಳಲ್ಲಿ ಹಾಕಿಸಿರಬೇಕು.