ಎಂಜಿನ್ ಕೈಕೊಟ್ಟಾಗ ಸಣ್ಣ ವಿಮಾನ ಇಳಿಸುವುದು ಹೇಗೆ?

ಒಂದೇ ಎಂಜಿನ್ ಇರುವ ಸಣ್ಣ ವಿಮಾನದಲ್ಲಿ ಆ ಎಂಜಿನ್ ನಿಂತರೂ ವಿಮಾನ ದೊಪ್ಪನೆ ಬೀಳುವುದಿಲ್ಲ, ತೇಲುತ್ತಾ ಇಳಿಯುತ್ತದೆ. ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. ನೆಲದಿಂದ 3,000 ಅಡಿ ಮೇಲಿದ್ದರೆ ಸುಮಾರು 4 ನಿಮಿಷ ಸಿಗುತ್ತದೆ.

ಮೊದಲು ಮಾಡಬೇಕಾದ್ದು ಮೂತಿ ತಗ್ಗಿಸಿ ಗ್ಲೈಡ್ ವೇಗ (ಎಂಜಿನ್ ಇಲ್ಲದೆ ಅತಿ ದೂರ ತೇಲುವ ವೇಗ) ಹಿಡಿಯುವುದು. 172ರ ಹಲವು ಮಾದರಿಗಳಿಗೆ ಇದು 65 ನಾಟ್, ಅಂದರೆ ಗಂಟೆಗೆ 120 ಕಿ.ಮೀ. ಆ ವೇಗಕ್ಕೆ ಟ್ರಿಮ್ ಮಾಡಿಬಿಡಿ, ಅಂದರೆ ಕೈ ಬಲ ಹಾಕದೆಯೂ ಅದೇ ವೇಗ ಉಳಿಯುವಂತೆ ಹೊಂದಿಸಿಬಿಡಿ. ನೆಲ ಹತ್ತಿರವಾದಂತೆ ಮೂತಿ ಎತ್ತೋಣ ಅನ್ನಿಸುತ್ತದೆ. ಎತ್ತಿದರೆ ವಿಮಾನ ದೂರ ಹೋಗುವುದಿಲ್ಲ, ವೇಗ ಕಳೆದುಕೊಂಡು ಇನ್ನೂ ಬೇಗ ಇಳಿಯುತ್ತದೆ, ಕೊನೆಗೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ.

ಆಮೇಲೆ ಜಾಗ ಹುಡುಕಿ. ದೂರದಲ್ಲಿ ಕಾಣುವ ಚಂದದ ಬಯಲಿಗಿಂತ ಪಕ್ಕದಲ್ಲೇ ಇರುವ ಸುಮಾರಾದ ಹೊಲವೇ ಮೇಲು. ರೆಕ್ಕೆಯ ಕೆಳಗೂ ಒಮ್ಮೆ ನೋಡಿ. ವಿದ್ಯುತ್ ತಂತಿ ಮೇಲಿನಿಂದ ಕಾಣುವುದೇ ಇಲ್ಲ, ಕಂಬಗಳ ಸಾಲು ಹುಡುಕಬೇಕು. ಉತ್ತ ಹೊಲವಾದರೆ ಸಾಲಿನ ಗುಂಟ ಇಳಿಯಿರಿ. ಆದಷ್ಟೂ ಗಾಳಿಗೆ ಎದುರಾಗಿ ಇಳಿಯಬೇಕು. 55 ನಾಟ್‌ನಲ್ಲಿ ನೆಲ ಮುಟ್ಟುವ ವಿಮಾನಕ್ಕೆ 15 ನಾಟ್ ಎದುರುಗಾಳಿ ಇದ್ದರೆ ನೆಲದ ಮೇಲಿನ ವೇಗ 40, ಅದೇ ಗಾಳಿ ಹಿಂದಿನಿಂದ ಬೀಸಿದರೆ 70. ಡಿಕ್ಕಿಯ ಶಕ್ತಿ ಮೂರು ಪಟ್ಟು!

ಜಾಗ ಸಿಕ್ಕ ಮೇಲೆ ಎಂಜಿನ್ ಕಡೆ ಗಮನ: ಇಂಧನ ಟ್ಯಾಂಕ್ ಬದಲಿಸುವುದು, ಮಿಕ್ಸ್ಚರ್ ರಿಚ್ (ಗಾಳಿಗೆ ಹೆಚ್ಚು ಇಂಧನ ಬೆರೆಯುವಂತೆ), ಕಿಡಿ ಕೊಡುವ ಮ್ಯಾಗ್ನೆಟೊ ಎರಡೂ ಆನ್. ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್ ಇರುವ ವಿಮಾನವಾದರೆ, ಅದಕ್ಕೆ ಬಿಸಿ ಗಾಳಿ ಕೊಡುವ ಹೀಟ್ ಗುಬ್ಬಿ ಎಳೆಯಲು ತಡ ಮಾಡಬಾರದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ, ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ಟುತ್ತದೆ. ಅದನ್ನು ಕರಗಿಸುವ ಬಿಸಿ ಬರುವುದು ಎಂಜಿನ್‌ನ ಹೊಗೆಕೊಳವೆಯಿಂದ, ಎಂಜಿನ್ ತಣ್ಣಗಾದರೆ ಅದೂ ಇಲ್ಲ. ಹೀಟ್ ಕೊಟ್ಟ ಕೂಡಲೇ ಎಂಜಿನ್ ಇನ್ನಷ್ಟು ಗಡಗಡ ಅನ್ನಬಹುದು. ಕರಗಿದ ನೀರು ಒಳಗೆ ಹೋಗುತ್ತಿದೆ, ಅಷ್ಟೇ. ಹೆದರಿ ವಾಪಸ್ ತಳ್ಳಬೇಡಿ.

ರೇಡಿಯೋ ಸರದಿ ಇದಾದ ಮೇಲೆ. ಮಾತಾಡುತ್ತಿರುವ ಫ್ರೀಕ್ವೆನ್ಸಿಯಲ್ಲೇ, ಇಲ್ಲವಾದರೆ ತುರ್ತು ಫ್ರೀಕ್ವೆನ್ಸಿ 121.5 ಮೆಗಾಹರ್ಟ್ಸ್‌ನಲ್ಲಿ ಮೂರು ಸಲ ‘ಮೇಡೇ’ (ಅಪಾಯದ ಕರೆ) ಅನ್ನಿ. ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಸಂಕೇತ 7700 ಹಾಕಿ.

ಇನ್ನು ಇಳಿಯುವುದು. ಗುರಿಯನ್ನು ಹೊಲದ ಅಂಚಿಗೆ ಇಡದೆ ಮೂರನೇ ಒಂದು ಭಾಗ ಒಳಗೆ ಇಡಿ. ಎತ್ತರ ಹೆಚ್ಚಾಗಿದ್ದರೆ ಕಳೆಯಲು ಸೈಡ್‌ಸ್ಲಿಪ್ (ವಿಮಾನವನ್ನು ಓರೆಯಾಗಿ ಪಕ್ಕಕ್ಕೆ ಜಾರಿಸುತ್ತಾ ಇಳಿಸುವುದು) ಇದೆ, ಕಡಿಮೆಯಾದರೆ ಸೇರಿಸಲು ಏನೂ ಇಲ್ಲ. ಹೊಲ ಸೇರುವುದು ಖಚಿತವಾದ ಮೇಲಷ್ಟೇ ಫ್ಲಾಪ್ (ರೆಕ್ಕೆಯ ಹಿಂಬದಿಯ ಮಡಚು ಹಲಗೆ) ಪೂರ್ತಿ ಇಳಿಸಿ. ನಂತರ ಇಂಧನ, ಮ್ಯಾಗ್ನೆಟೊ, ವಿಮಾನದ ಕರೆಂಟಿನ ಮಾಸ್ಟರ್ ಸ್ವಿಚ್ ಆಫ್. ಫ್ಲಾಪ್ ಕರೆಂಟಿನದಾದರೆ ಮಾಸ್ಟರ್ ಕೊನೆಗೆ. ಬೆಲ್ಟ್ ಬಿಗಿ ಮಾಡಿ, ಬಾಗಿಲಿನ ಚಿಲಕ ತೆಗೆದಿಡಿ. ಚೌಕಟ್ಟು ಬಾಗಿದರೆ ಆಮೇಲೆ ತೆರೆಯುವುದು ಕಷ್ಟ.

ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ಇದಕ್ಕೆಲ್ಲ ಸಮಯವೇ ಇರುವುದಿಲ್ಲ. ರನ್‌ವೇಗೆ ವಾಪಸ್ ತಿರುಗೋಣ ಅನ್ನುವ ಆಸೆ ಆಗ ಬಲವಾಗಿರುತ್ತದೆ. ಆದರೆ ಕಡಿಮೆ ಎತ್ತರದಲ್ಲಿ ಬಿಗಿಯಾಗಿ ತಿರುಗಿಸಿದರೆ ಸ್ಟಾಲ್ ಆಗಿ ಸ್ಪಿನ್‌ಗೆ, ಅಂದರೆ ಗಿರಗಿರ ಸುತ್ತುತ್ತಾ ಕೆಳಕ್ಕೆ, ಬೀಳಬಹುದು. ಮೂತಿ ತಗ್ಗಿಸಿ, ರೆಕ್ಕೆ ಸಮವಾಗಿಟ್ಟು, ಎದುರಿಗೆ ಸ್ವಲ್ಪ ಎಡಕ್ಕೋ ಬಲಕ್ಕೋ ಸಿಗುವ ಜಾಗದಲ್ಲೇ ಇಳಿಸಿ.