ಹೆಡ್ಡಿಂಗ್ ನಿಂತದ್ದು 12/64 ಪೋರ್ಟ್‌ನಿಂದ: ಗ್ಯಾಸ್ ಲಿಫ್ಟ್ ವಾಲ್ವ್ ಬಗ್ಗೆ ನನ್ನ ಅನುಭವ

ತೈಲ ಬಾವಿಯ ಒಳಕೊಳವೆಗೆ ಗ್ಯಾಸ್ ಬಿಟ್ಟು ದ್ರವವನ್ನು ಮೇಲೆತ್ತುವುದು ಗ್ಯಾಸ್ ಲಿಫ್ಟ್. ಆ ಹರಿವು ಒಂದೇ ಸಮ ಇರದೆ ಬಿಟ್ಟುಬಿಟ್ಟು ನುಗ್ಗಿದರೆ ಅದು ಹೆಡ್ಡಿಂಗ್. ಹೆಡ್ಡಿಂಗ್ ಆಗುವ ಬಾವಿಗೆ ಗ್ಯಾಸ್ ಜಾಸ್ತಿ ಕೊಡಿ ಅನ್ನುವುದು ಎಲ್ಲ ಫೀಲ್ಡ್‌ನಲ್ಲೂ ಕೇಳಿಬರುವ ಸಲಹೆ. ನಾನು ಮಾಡಿದ್ದು ಅದಕ್ಕೆ ತದ್ವಿರುದ್ಧ. ಒಳಕೊಳವೆಗೆ ಗ್ಯಾಸ್ ಹಾಯುವ ತಳದ ಆಪರೇಟಿಂಗ್ ವಾಲ್ವ್‌ನ ಪೋರ್ಟನ್ನು (ತೂತನ್ನು) ಕಿರಿದು ಮಾಡಿ, ಗ್ಯಾಸನ್ನೂ ಇಳಿಸಿದೆ. ಬಾವಿ ಸತ್ತೇ ಹೋಗುತ್ತದೆ ಅಂದವರು ಬಹಳ ಮಂದಿ. ಈಗ ಅವರೇ ತಮ್ಮ ಬಾವಿಗಳ ಚಾರ್ಟ್ ಹಿಡಿದು ಬರುತ್ತಿದ್ದಾರೆ.

ಅಸ್ಸಾಮಿನ ಶಿವಸಾಗರ ಕಡೆಯ ಬಾವಿ ಇದು. 2⅞ ಇಂಚಿನ ಟ್ಯೂಬಿಂಗ್ (ಒಳಕೊಳವೆ), ಐದು ಸೈಡ್ ಪಾಕೆಟ್ ಮ್ಯಾಂಡ್ರೆಲ್ (ವಾಲ್ವ್ ಕೂರುವ ಪಕ್ಕದ ಜೇಬು), ಕೊನೆಯದು 2,200 ಮೀಟರ್ ಆಸುಪಾಸಿನಲ್ಲಿ. ಮೇಲಿನ ನಾಲ್ಕರಲ್ಲಿ 1 ಇಂಚಿನ ನೈಟ್ರೋಜನ್ ಚಾರ್ಜಿನ ಅನ್‌ಲೋಡಿಂಗ್ ವಾಲ್ವ್ (ಶುರುವಿನಲ್ಲಿ ಬಾವಿಯ ದ್ರವ ಹೊರಹಾಕುವ ವಾಲ್ವ್), ತಳದಲ್ಲಿ 20/64 ಇಂಚಿನ ಆರಿಫಿಸ್ (ಮುಚ್ಚಿಕೊಳ್ಳದ ತೂತಿನ ವಾಲ್ವ್). ಹೆಡರ್ (ಬಾವಿಗಳಿಗೆ ಗ್ಯಾಸ್ ಹಂಚುವ ಪೈಪು) ಒತ್ತಡ ಚದರ ಸೆಂ.ಮೀ.ಗೆ 70 ಕೆ.ಜಿ. ದಿನಕ್ಕೆ ಸುಮಾರು 20,000 ಘನ ಮೀಟರ್ ಗ್ಯಾಸ್ ಒಳಗೆ ಹೋಗಿ, 40 ಘನ ಮೀಟರ್ ದ್ರವ ಹೊರಗೆ ಬರುತ್ತಿತ್ತು. ಎರಡು ಒತ್ತಡಗಳನ್ನೂ ಗೀಚುವ ಟು-ಪೆನ್ ಚಾರ್ಟ್‌ನಲ್ಲಿ ಟ್ಯೂಬಿಂಗ್ ಪೆನ್ 10ರಿಂದ 25 ಕೆ.ಜಿ.ಗೆ ಹಾರುತ್ತಿತ್ತು, ಕೇಸಿಂಗ್ (ಹೊರಕೊಳವೆ) ಪೆನ್ ಕೂಡ ನಾಲ್ಕೈದು ಕೆ.ಜಿ. ಏರಿಳಿಯುತ್ತಿತ್ತು. ಈ ಎರಡನೆಯ ಪೆನ್ನನ್ನೇ ನೋಡಬೇಕು. ಕೇಸಿಂಗ್ ಗೆರೆ ನೇರವಾಗಿದ್ದು ಟ್ಯೂಬಿಂಗ್ ಮಾತ್ರ ಕುಣಿದರೆ ತೊಂದರೆ ಬೇರೆಲ್ಲೋ ಇದೆ, ಪೋರ್ಟ್ ಬದಲಿಸಿ ಪ್ರಯೋಜನವಿಲ್ಲ.

ಕಾರಣ ಲೆಕ್ಕದಲ್ಲೇ ಇದೆ. ಆ ಆಳದಲ್ಲಿ ದಿನಕ್ಕೆ 13,000 ಘನ ಮೀಟರ್ (ಕೊನೆಗೆ ನಾನು ಇಳಿಸಿದ ಪ್ರಮಾಣ) ಗ್ಯಾಸ್ ಹಾಯಲು 20/64 ಪೋರ್ಟ್‌ಗೆ 1 ಕೆ.ಜಿ. ಒತ್ತಡದ ವ್ಯತ್ಯಾಸವೂ ಬೇಡ. 12/64ಕ್ಕೆ ಸುಮಾರು 7 ಕೆ.ಜಿ. ಬೇಕು. ದೊಡ್ಡ ಪೋರ್ಟ್ ಇದ್ದಾಗ ಟ್ಯೂಬಿಂಗ್ ಒತ್ತಡ ಎರಡು ಕೆ.ಜಿ. ಇಳಿದರೂ ಸಾಕು, ಆನ್ಯುಲಸ್‌ನಲ್ಲಿ (ಎರಡು ಕೊಳವೆಗಳ ನಡುವಿನ ಜಾಗದಲ್ಲಿ) ಕೂತ ಗ್ಯಾಸೆಲ್ಲ ಒಮ್ಮೆಲೇ ನುಗ್ಗಿಬಿಡುತ್ತದೆ. ಕೇಸಿಂಗ್ ಬರಿದಾಗಿ ಇಂಜೆಕ್ಷನ್ ನಿಲ್ಲುತ್ತದೆ, ಟ್ಯೂಬಿಂಗ್‌ನಲ್ಲಿ ದ್ರವ ತುಂಬುತ್ತದೆ, ಕೇಸಿಂಗ್ ಮತ್ತೆ ತುಂಬುವ ತನಕ ಬಾವಿ ಸುಮ್ಮನಿರುತ್ತದೆ. ಪೋರ್ಟ್ ಕಿರಿದಾಗಿದ್ದರೆ ಟ್ಯೂಬಿಂಗ್‌ನ ಸಣ್ಣಪುಟ್ಟ ಏರಿಳಿತ ಗ್ಯಾಸಿನ ಪ್ರಮಾಣವನ್ನು ಅಷ್ಟಾಗಿ ಅಲುಗಿಸುವುದಿಲ್ಲ.

ಇದಕ್ಕೂ ಮೊದಲು ಮಾಡಿದ ಉಪಾಯಗಳಿಗೆ ಹಣ ಹೋಯಿತು, ಒಟ್ಟಾರೆ ಲಾಭ ಕಾಣಲಿಲ್ಲ. ಫ್ಲೋಲೈನ್ ಬೀನ್ (ಬಾವಿಯಿಂದ ಹೊರಹೋಗುವ ಪೈಪಿನ ತೂತು) ಕಿರಿದು ಮಾಡಿದಾಗ ಕುಣಿತ ನಿಂತಿತು, ಜೊತೆಗೆ ದಿನಕ್ಕೆ ಏಳೆಂಟು ಘನ ಮೀಟರ್ ದ್ರವವೂ ಹೋಯಿತು. ಗ್ಯಾಸನ್ನು 26,000ಕ್ಕೆ ಏರಿಸಿದಾಗ ಪೆನ್ ಸ್ವಲ್ಪ ತಣ್ಣಗಾಯಿತು, ಆದರೆ ಹೆಡರ್‌ನ ಒತ್ತಡ ಬಿದ್ದು ಪಕ್ಕದ ಬಾವಿಗಳು ಸೊರಗಿದವು. ಕಂಪ್ರೆಸರ್ ಓಡಿಸುವ ಖರ್ಚು ಗೊತ್ತಿದ್ದವರು ಈ ದಾರಿ ಹಿಡಿಯುವುದಿಲ್ಲ.

ಪೋರ್ಟ್ ಬದಲಿಸಲು ರಿಗ್ ಬೇಕಿಲ್ಲ, ಸ್ಲಿಕ್‌ಲೈನ್ (ಸಾಧನ ಇಳಿಸುವ ತೆಳು ತಂತಿ) ಸಾಕು. ನಮಗೆ ಒಂದೂವರೆ ಲಕ್ಷ ರೂಪಾಯಿಯೊಳಗೆ ಮುಗಿಯಿತು. ವರ್ಕ್‌ಓವರ್ ರಿಗ್‌ಗೆ ಒಂದು ದಿನಕ್ಕೇ ಅದಕ್ಕಿಂತ ಹೆಚ್ಚು. ಮೊದಲು ಮೇಣ ಕೆರೆಯಬೇಕು. ಈ ಕಡೆಯ ಕ್ರೂಡ್‌ನಲ್ಲಿ ಗೇಜ್ ಕಟರ್ ಇಳಿಸದೆ ಕಿಕ್‌ಓವರ್ ಟೂಲ್ (ವಾಲ್ವನ್ನು ಜೇಬಿನಿಂದ ಎಳೆಯುವ ಸಾಧನ) ಬಿಟ್ಟರೆ ಅರ್ಧದಾರಿಯಲ್ಲೇ ಕೂರುತ್ತದೆ. ವಾಲ್ವ್ ಎಳೆಯುವ ಮುಂಚೆ ಕೇಸಿಂಗ್ ಮತ್ತು ಟ್ಯೂಬಿಂಗ್ ಒತ್ತಡ ಸರಿಸಮ ಮಾಡಲೇಬೇಕು, ಇಲ್ಲದಿದ್ದರೆ ಲಾಚ್ (ವಾಲ್ವ್ ಹಿಡಿದ ಕೊಂಡಿ) ಬಿಟ್ಟ ಕ್ಷಣ ಟೂಲ್‌ಸ್ಟ್ರಿಂಗ್ ಮೇಲಕ್ಕೆ ಚಿಮ್ಮಿ ತಂತಿ ಗಂಟು ಬೀಳುತ್ತದೆ. ಮರಳು ಕಟ್ಟಿದ ಲಾಚನ್ನು ಬಿಡಿಸಲು ಜಾರ್ (ಕುಟ್ಟುವ ಸಾಧನ) ಹೊಡೆಯುವ ಒಂದು ಕ್ರಮ ನಮ್ಮ ತಂಡಕ್ಕೆ ಒಲಿದಿದೆ. ಅದನ್ನು ಬರೆಯಲಾರೆ, ಕೈಯಲ್ಲಿ ಕಲಿಯುವ ಕೆಲಸ.

ಮೇಲಿನ ಅನ್‌ಲೋಡಿಂಗ್ ವಾಲ್ವ್‌ಗಳನ್ನೂ ಹೊರತೆಗೆದಿದ್ದೆವು. ಅವುಗಳಲ್ಲಿ ಒಂದರ ಸೀಟನ್ನು (ವಾಲ್ವ್ ಮುಚ್ಚಿಕೊಳ್ಳುವ ಅಂಚನ್ನು) ಟಾರ್ಚ್ ಬೆಳಕಿನಲ್ಲಿ ತಿರುಗಿಸಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು, ಒಂದು ಕಡೆ ಉಗುರು ತಾಗುವಷ್ಟು ಆಳ. ಹಿಂದೆ ಯಾರೋ ಆತುರಾತುರವಾಗಿ ಅನ್‌ಲೋಡ್ ಮಾಡಿದ ಗುರುತು. ಅಷ್ಟು ಸಣ್ಣ ಗೀರಿದ್ದರೂ ಸಾಕು, ವಾಲ್ವ್ ಮುಚ್ಚಿದ ಮೇಲೂ ಗ್ಯಾಸ್ ಸೋರುತ್ತದೆ, ತಳಕ್ಕೆ ಹೋಗಬೇಕಾದದ್ದು ಮೇಲೆಯೇ ಕಳೆದುಹೋಗುತ್ತದೆ. ಆದ್ದರಿಂದ ಕೇಸಿಂಗ್ ಒತ್ತಡವನ್ನು 400 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ತನಕ ಹತ್ತು ನಿಮಿಷಕ್ಕೆ 50ರಂತೆ, ಆಮೇಲೆ ಹತ್ತು ನಿಮಿಷಕ್ಕೆ 100ರಂತೆ ಮಾತ್ರ ಏರಿಸುತ್ತೇನೆ. ಆನ್ಯುಲಸ್‌ನ ದ್ರವವೆಲ್ಲ ಈ ಸಣ್ಣ ಸೀಟುಗಳ ಮೂಲಕವೇ ಹೋಗಬೇಕು ಎನ್ನುವುದನ್ನು ರಾತ್ರಿ ಪಾಳಿಯವರು ಮರೆಯಬಾರದು.

ಅನ್‌ಲೋಡಿಂಗ್ ವಾಲ್ವ್‌ಗಳನ್ನು ಶಾಪ್‌ನಲ್ಲಿ ಮತ್ತೆ ಸೆಟ್ ಮಾಡಿಸಿದೆ. ಸೆಟ್ ಮಾಡುವಾಗ ವಾಲ್ವ್ ಇಡುವ ವಾಟರ್ ಬಾತ್ 60 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೇ ಇರಬೇಕು. 60ರಿಂದ 160ಕ್ಕೆ ಏರಿದರೆ ಡೋಮ್ (ವಾಲ್ವ್‌ನೊಳಗೆ ನೈಟ್ರೋಜನ್ ತುಂಬಿದ ಕೋಣೆ) ಒತ್ತಡ ಐದನೇ ಒಂದು ಪಾಲಿನಷ್ಟು ಹೆಚ್ಚುತ್ತದೆ. ಬಾತ್ ಹತ್ತು ಡಿಗ್ರಿ ತಪ್ಪಿದರೂ ಸುಮಾರು 20 ಪಿಎಸ್‌ಐ ಹೆಚ್ಚುಕಮ್ಮಿ. ಏಜರ್‌ನಿಂದ (ವಾಲ್ವನ್ನು ಒತ್ತಡಕ್ಕೆ ಒಡ್ಡಿ ಹದ ಮಾಡುವ ಪಾತ್ರೆಯಿಂದ) ತೆಗೆದ ಮೇಲೆ ಓಪನಿಂಗ್ ಪ್ರೆಶರ್ 5 ಪಿಎಸ್‌ಐಗಿಂತ ಹೆಚ್ಚು ಸರಿದ ವಾಲ್ವ್‌ಗಳನ್ನು ವಾಪಸ್ ಕಳಿಸಿದೆ. ಶಾಪ್‌ನವರಿಗೆ ಸಿಟ್ಟು ಬಂತು, ಬರಲಿ.

12/64 ಕೂರಿಸಿ, ಮೇಲಿನ ಇಂಜೆಕ್ಷನ್ ಚೋಕನ್ನು (ಒಳಹೋಗುವ ಗ್ಯಾಸಿನ ಪ್ರಮಾಣ ಹಿಡಿದಿಡುವ ಕಿರಿದು ತೂತನ್ನು) 13,000 ಘನ ಮೀಟರಿಗೆ ಇಳಿಸಿದಾಗ ಕೇಸಿಂಗ್ ಪೆನ್ ಒಂದು ಗೆರೆಯಾಯಿತು. ಟ್ಯೂಬಿಂಗ್ ಏರಿಳಿತ 2 ಕೆ.ಜಿ. ಒಳಗೆ ಬಂತು. ದ್ರವ 47-48 ಘನ ಮೀಟರ್. ಉಳಿದ 7,000 ಘನ ಮೀಟರ್ ಗ್ಯಾಸ್ ಗ್ಯಾಸಿಲ್ಲದೆ ನಿಂತಿದ್ದ ಇನ್ನೊಂದು ಬಾವಿಗೆ ಹೋಯಿತು. ನನ್ನ ಲೆಕ್ಕದಲ್ಲಿ ಅಸಲಿ ಲಾಭ ಅದೇ.

ಮಧ್ಯೆ ವೆಂಚುರಿ ವಾಲ್ವನ್ನೂ (ದಾರಿ ನಡುವೆ ಕಿರಿದಾಗಿ ಮತ್ತೆ ಅಗಲವಾಗುವ ವಾಲ್ವ್) ಒಂದು ಬಾವಿಯಲ್ಲಿ ಪರೀಕ್ಷಿಸಿದೆ. ಅದರಲ್ಲಿ ಸುಮಾರು ಹತ್ತು ಪರ್ಸೆಂಟ್ ಒತ್ತಡ ಕಳೆದುಕೊಂಡರೆ ಸಾಕು, ಕ್ರಿಟಿಕಲ್ ಫ್ಲೋ (ಟ್ಯೂಬಿಂಗ್ ಒತ್ತಡ ಏರಿಳಿದರೂ ಗ್ಯಾಸಿನ ಪ್ರಮಾಣ ಬದಲಾಗದ ಹರಿವು) ಸಿಗುತ್ತದೆ. ಮಾಮೂಲಿ ಆರಿಫಿಸ್‌ಗೆ ಅದಕ್ಕೆ ನಲವತ್ತು-ಐವತ್ತು ಬೇಕು. ಹೆಡರ್ ಒತ್ತಡ ತೀರ ಕಡಿಮೆ ಇರುವ ಕಡೆ ದುಡ್ಡು ಕೊಟ್ಟು ಹಾಕಬಹುದು. ಆದರೆ ಒಂದು ಸಲ ಗಾತ್ರ ಆರಿಸಿದ ಮೇಲೆ ಗ್ಯಾಸ್ ಏರಿಸಲು ಜಾಗವೇ ಉಳಿಯುವುದಿಲ್ಲ, ನೀರು ಹೆಚ್ಚುತ್ತಿರುವ ಬಾವಿಗೆ ಅದು ಒಗ್ಗುವುದಿಲ್ಲ. ಚಳಿಗಾಲದ ಬೆಳಗ್ಗೆ ಇಂಜೆಕ್ಷನ್ ಚೋಕ್ ಹೈಡ್ರೇಟ್ (ಗ್ಯಾಸ್ ಮತ್ತು ನೀರು ಸೇರಿದ ಮಂಜುಗಡ್ಡೆಯಂಥದು) ಕಟ್ಟಿ ಮುಚ್ಚುವುದು ಬೇರೆಯೇ ಕಾಟ. ಗ್ಯಾಸ್ ಇಳಿಸಿದಾಗ ಚೋಕ್‌ನಲ್ಲಿ ಒತ್ತಡದ ಬೀಳು ಹೆಚ್ಚಾಗಿ ಅದೂ ಹೆಚ್ಚುತ್ತದೆ, ಹಾಗಾಗಿ ಡಿಸೆಂಬರ್‌ನಿಂದ ಮೆಥನಾಲ್ ಹನಿ ಬಿಡುತ್ತೇವೆ.

ಕಿರಿದಾದಷ್ಟೂ ಒಳ್ಳೆಯದೆಂದು ಮುಂದೆ ಹೋಗಬೇಡಿ. ಇನ್ನೊಂದು ಬಾವಿಯಲ್ಲಿ 8/64 ಹಾಕಿದಾಗ ಕೇಸಿಂಗ್‌ನ ತುಕ್ಕಿನ ಚೂರು ಸಿಕ್ಕಿಕೊಂಡು ಪೋರ್ಟ್ ಮುಚ್ಚಿತು, ಇಂಜೆಕ್ಷನ್ ಮೇಲಿನ ವಾಲ್ವ್‌ಗೆ ಹಾರಿತು. ಹಳೆಯ ಕೇಸಿಂಗ್ ಇರುವ ಬಾವಿಯಲ್ಲಿ 10/64ಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ.